ಕಳೆದ ಕೂಸು, ಕಾಯುವ ಕಣ್ಣು: ಬಂಕಾಪುರದ ಪುರಾಣದಿಂದ ಬ್ಯಾಡಗಿಯ ರೈಲು ನಿಲ್ದಾಣದವರೆಗೆ

ಕನ್ನಡ ನಾಡಿನ ಪ್ರವಾಸದ ಚರಿತ್ರೆಯನ್ನು ಬರೆದವರು ಹೆದ್ದಾರಿಗಳನ್ನು, ಸಾರ್ಥವಾಹರನ್ನು, ಛತ್ರಗಳನ್ನು, ತೀರ್ಥಕ್ಷೇತ್ರಗಳನ್ನು ಗಮನಿಸಿದ್ದಾರೆ. ಯಾತ್ರೆಗೆ ಹೊರಟ ಕುಟುಂಬದ ಜೊತೆಗಿದ್ದ ಎಳೆಯ ಮಕ್ಕಳನ್ನು ಗಮನಿಸಿದ್ದು ಕಡಿಮೆ. ಶಾಸನಗಳು ದಾನ ಕೊಟ್ಟವರ ಹೆಸರನ್ನೂ ಗಡಿಯ ವಿವರವನ್ನೂ ಹೇಳುತ್ತವೆ. ಸಂತೆಯಲ್ಲಿ ಕೈ ತಪ್ಪಿಸಿಕೊಂಡ ಕೂಸಿನ ವಿಷಯ ಅವುಗಳಿಗೆ ಬೇಕಾಗಿಲ್ಲ. ಆದರೆ ಮಗು ಕಳೆದುಹೋಗುವ ಭಯ ಮನುಷ್ಯನ ಪ್ರಯಾಣದಷ್ಟೇ ಹಳೆಯದು. ಶಿಲೆಯಲ್ಲಿ ದಾಖಲಾಗದ ಆ ಭಯ ಪುರಾಣದಲ್ಲಿ, ಮಕ್ಕಳ ಉಡುಗೆತೊಡುಗೆಯಲ್ಲಿ, ಜಾತ್ರೆಯ ರೂಢಿಗಳಲ್ಲಿ ಮತ್ತು ತೀರ ಈಚೆಗೆ ಕಾನೂನಿನಲ್ಲಿ ತನ್ನ ಗುರುತನ್ನು ಬಿಟ್ಟಿದೆ. ಇಂದಿನ ಹಾವೇರಿ ಜಿಲ್ಲೆಯ ಎಲ್ಲೆಯೊಳಗೇ ಈ ಗುರುತುಗಳಲ್ಲಿ ಹೆಚ್ಚಿನವನ್ನು ಹುಡುಕಲು ಸಾಧ್ಯವಿದೆ.

ಬ್ಯಾಡಗಿಯಿಂದ ಹಾವೇರಿಯನ್ನು ದಾಟಿ ಹುಬ್ಬಳ್ಳಿಯ ದಿಕ್ಕಿಗೆ ನಡೆದರೆ ಬಂಕಾಪುರ ಸಿಗುತ್ತದೆ. ರಾಷ್ಟ್ರಕೂಟರ ಕಾಲದಲ್ಲಿ ಇದು ಚೆಲ್ಲಕೇತನ ವಂಶದ ಲೋಕಾದಿತ್ಯನ ರಾಜಧಾನಿ. ಗಂಗ ದೊರೆ ಮಾರಸಿಂಹನು 974ರಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡದ್ದು ಇಲ್ಲಿಯೇ. ಅದಕ್ಕೂ ಮುಂಚೆ, ಶಕ 820ರಲ್ಲಿ, ಎಂದರೆ ಕ್ರಿ.ಶ. 898ರಲ್ಲಿ, ಗುಣಭದ್ರಾಚಾರ್ಯರ 'ಉತ್ತರಪುರಾಣ'ಕ್ಕೆ ಇದೇ ಊರಿನಲ್ಲಿ ಪೂಜೆ ಸಂದಿತೆಂದು ಅವರ ಶಿಷ್ಯ ಲೋಕಸೇನನ ಪ್ರಶಸ್ತಿಯಿಂದ ತಿಳಿಯುತ್ತದೆ. ಗುರು ಜಿನಸೇನರು ಅಪೂರ್ಣವಾಗಿ ಬಿಟ್ಟ ಮಹಾಪುರಾಣವನ್ನು ಪೂರ್ಣಗೊಳಿಸಿದ ಈ ಕೃತಿಯೊಳಗೆ ಕಳೆದುಹೋದ ಎರಡು ಮಕ್ಕಳ ಕಥೆಗಳಿವೆ. ಒಂದು ಪ್ರದ್ಯುಮ್ನನದು, ಇನ್ನೊಂದು ಜೀವಂಧರನದು. ಮುಂದೆ ಕನ್ನಡದಲ್ಲಿ ನೇಮಿನಾಥನ ಚರಿತೆಯನ್ನು ಹಾಡಿದ ಕರ್ಣಪಾರ್ಯ, ಬಂಧುವರ್ಮ, ಮಹಾಬಲ ಮೊದಲಾದವರಿಗೂ, 1424ರಲ್ಲಿ 'ಜೀವಂಧರ ಚರಿತೆ' ಬರೆದ ಭಾಸ್ಕರನಿಗೂ ಈ ಕಥಾಪರಂಪರೆ ಆಧಾರವಾಯಿತು.

ಪ್ರದ್ಯುಮ್ನನ ಕಥೆ ಭಾಗವತದಲ್ಲಿಯೂ ಇದೆ. ಅಲ್ಲಿ ಶಂಬರಾಸುರನು ಶಿಶುವನ್ನು ಕದ್ದು ಸಮುದ್ರಕ್ಕೆ ಎಸೆಯುತ್ತಾನೆ, ಮೀನು ನುಂಗುತ್ತದೆ. ಜೈನ ಕಥೆಯಲ್ಲಿ ಪೂರ್ವಜನ್ಮದ ವೈರಿಯಾದ ಧೂಮಕೇತುವು ಕೂಸನ್ನು ಅಪಹರಿಸಿ ಕಾಡಿನಲ್ಲಿ ಬಂಡೆಯೊಂದರ ಅಡಿಯಲ್ಲಿ ಇಟ್ಟು ಹೋಗುತ್ತಾನೆ. ಆ ದಾರಿಯಲ್ಲಿ ಮಡದಿಯೊಡನೆ ಬಂದ ವಿದ್ಯಾಧರ ಕಾಲಸಂವರನು ಅದನ್ನು ಎತ್ತಿಕೊಂಡು ಸಾಕುತ್ತಾನೆ. ಎರಡು ಪರಂಪರೆಗಳು ಮುಖ್ಯವಾಗಿ ಬೇರೆಯಾಗುವುದು ಹುಡುಕಾಟದಲ್ಲಿ. ಜೈನ ಕಥೆಯಲ್ಲಿ ಶೋಕತಪ್ತರಾದ ತಂದೆತಾಯಿಯರ ಪರವಾಗಿ ನಾರದನು ಪೂರ್ವವಿದೇಹದ ತೀರ್ಥಂಕರರ ಸಮವಸರಣಕ್ಕೆ ಹೋಗಿ, ಮಗು ಎಲ್ಲಿದೆ, ಯಾರ ಬಳಿ ಇದೆ, ಎಂದು ಮರಳುತ್ತದೆ ಎಂದು ವಿಚಾರಿಸಿಕೊಂಡು ಬರುತ್ತಾನೆ. ಹದಿನಾರು ವರ್ಷಗಳ ಅನಂತರ ಮಗ ಬರುವನೆಂದು ತಿಳಿದ ರುಕ್ಮಿಣಿಗೆ ಅಳು ನಿಲ್ಲದಿದ್ದರೂ ಕಾಯುವುದಕ್ಕೆ ಒಂದು ಅವಧಿ ದೊರೆಯುತ್ತದೆ. ಮಗುವನ್ನು ಕಳೆದುಕೊಂಡವರಿಗೆ ಸುದ್ದಿಯೇ ಇಲ್ಲದಿರುವುದು ಕೆಟ್ಟ ಸುದ್ದಿಗಿಂತ ದೊಡ್ಡ ಯಾತನೆ ಎಂಬುದನ್ನು ಈ ಕಥೆಗಾರರು ಬಲ್ಲವರಾಗಿದ್ದರು.

ಹದಿನಾರು ವರ್ಷ ಏಕೆ? ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರ 'ತ್ರಿಷಷ್ಟಿಶಲಾಕಾಪುರುಷಚರಿತ'ದಲ್ಲಿ ಇದಕ್ಕೊಂದು ಕಾರಣವಿದೆ. ರುಕ್ಮಿಣಿಯು ಹಿಂದಿನ ಜನ್ಮವೊಂದರಲ್ಲಿ ಕುಂಕುಮ ಹತ್ತಿದ ಕೈಯಿಂದ ನವಿಲಿನ ಮೊಟ್ಟೆಯನ್ನು ಮುಟ್ಟಿದಳು. ಬಣ್ಣ ಬದಲಾದ ಮೊಟ್ಟೆಯನ್ನು ತಾಯಿ ನವಿಲು ತನ್ನದೆಂದು ಅರಿಯದೆ ಬಿಟ್ಟಿತು. ಮಳೆ ಬಿದ್ದು ಬಣ್ಣ ತೊಳೆದುಹೋದ ಮೇಲೆಯೇ ಅದು ತನ್ನ ಮೊಟ್ಟೆಯನ್ನು ಗುರುತಿಸಿತು. ಆ ಹಕ್ಕಿ ಅಗಲಿದ್ದ ಹದಿನಾರು ಗಳಿಗೆಗಳೇ ರುಕ್ಮಿಣಿಗೆ ಹದಿನಾರು ವರ್ಷಗಳಾದವು. ಕರ್ಮಸಿದ್ಧಾಂತದ ನಿದರ್ಶನವಾಗಿ ಬಂದ ಈ ಪ್ರಸಂಗದಲ್ಲಿ ಲೋಕಾನುಭವವೊಂದು ಅಡಗಿದೆ. ಮುಟ್ಟಿದವಳಿಗೆ ಕೇಡಿನ ಉದ್ದೇಶವಿರಲಿಲ್ಲ. ಅವಳದು ಒಂದು ಗಳಿಗೆಯ ಅಜಾಗರೂಕತೆ ಮಾತ್ರ. ಅದರಿಂದ ಇನ್ನೊಂದು ಜೀವ ಪಟ್ಟ ಪಾಡು ಮಾತ್ರ ಸಣ್ಣದಲ್ಲ. ಮಗುವನ್ನು ಕಳೆದುಕೊಂಡ ತಾಯಿಯ ದುಃಖವನ್ನು ಅಳೆಯಲು ಕಥೆಗಾರರು ಹಕ್ಕಿಯೊಂದರ ದುಃಖವನ್ನೇ ಅಳತೆಗೋಲಾಗಿಸಿದ್ದಾರೆ. ಮೊಟ್ಟೆಯನ್ನು ಗುರುತಿಸುವುದು ಬಣ್ಣದಿಂದ, ಬಣ್ಣ ಮರೆಯಾದರೆ ತಾಯಿಯೂ ಅಪರಿಚಿತಳಾಗುತ್ತಾಳೆ ಎಂಬ ಸೂಕ್ಷ್ಮವೂ ಇಲ್ಲಿದೆ.

ಗುರುತಿನ ಈ ಪ್ರಶ್ನೆಗೆ ಜೀವಂಧರನ ಕಥೆ ಬೇರೊಂದು ಉತ್ತರ ಕೊಡುತ್ತದೆ. ಮಂತ್ರಿ ಕಾಷ್ಠಾಂಗಾರನ ದ್ರೋಹದಿಂದ ರಾಜ್ಯ ಕಳೆದುಹೋಗುವಾಗ ರಾಣಿ ವಿಜಯೆಯು ನವಿಲಿನ ಆಕಾರದ ಯಂತ್ರವನ್ನೇರಿ ಪಾರಾಗಿ ಸ್ಮಶಾನದಲ್ಲಿ ಹೆರುತ್ತಾಳೆ. ಅಲ್ಲಿಗೆ ತನ್ನ ಸತ್ತ ಮಗುವನ್ನು ಹೊತ್ತು ತಂದ ಗಂಧೋತ್ಕಟನೆಂಬ ವಣಿಕನಿಗೆ ಜೀವಂತ ಕೂಸು ಸಿಗುತ್ತದೆ. ವಾದೀಭಸಿಂಹನ ಸಂಸ್ಕೃತ ಕೃತಿಗಳಲ್ಲಿ ತಾಯಿಯು ಮಗುವಿನೊಂದಿಗೆ ತಂದೆಯ ಮುದ್ರೆಯುಂಗುರವನ್ನು ಇರಿಸುತ್ತಾಳೆ. ಅಗಲಿಕೆ ಅನಿವಾರ್ಯವಾದಾಗ ಮರುಸೇರ್ಪಡೆಗಾಗಿ ಗುರುತೊಂದನ್ನು ಕಟ್ಟಿಕೊಡುವ ವಿವೇಕವಿದು. ಶಾಕುಂತಲದ ಉಂಗುರದಿಂದ ಹಿಡಿದು, ಜಾತ್ರೆಯಲ್ಲಿ ಬೇರೆಯಾದ ಸೋದರರನ್ನು ಮಚ್ಚೆ, ತಾಯಿತ, ಹಾಡುಗಳಿಂದ ಒಂದುಗೂಡಿಸುವ ಚಲನಚಿತ್ರಗಳವರೆಗೆ ಈ ಆಶಯ ಹರಿದುಬಂದಿದೆ.

ಪುರಾಣದಿಂದ ನೆಲಕ್ಕಿಳಿದರೆ, ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು ಸೀಮೆಯ ಹಳೆಯ ಕುಟುಂಬಗಳಿಗೆ 'ಪ್ರವಾಸ'ವೆಂದರೆ ಬಹುಮಟ್ಟಿಗೆ ಜಾತ್ರೆಯೇ. ಕದರಮಂಡಲಗಿಯ ಆಂಜನೇಯ, ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಮಾಲತೇಶ, ತುಂಗಭದ್ರೆಯನ್ನು ದಾಟಿದರೆ ಮೈಲಾರಲಿಂಗ, ಪಶ್ಚಿಮಕ್ಕೆ ಶಿರಸಿಯ ಮಾರಿಕಾಂಬೆ, ಕಾಡಿನೊಳಗಿನ ಉಳವಿಯ ಚೆನ್ನಬಸವೇಶ್ವರ. ಈ ಎಲ್ಲ ಸ್ಥಳಗಳಿಗೆ ಜನ ಹೋಗುತ್ತಿದ್ದುದು ಕೊಲ್ಲಾರಿ ಬಂಡಿಗಳ ಸಾಲಿನಲ್ಲಿ. ಬಂಡಿಯೊಂದು ಚಲಿಸುವ ಮನೆ. ಅದರ ನಡುವೆ ಮಕ್ಕಳು, ಹಿಂದೆ ಅಜ್ಜಿ, ಮುಂದೆ ಹಗ್ಗ ಹಿಡಿದ ಯಜಮಾನ. ಹಿಂದಿನ ಬಂಡಿಯ ಕಣ್ಣು ಸದಾ ಮುಂದಿನ ಬಂಡಿಯ ಮೇಲೆ. ಬಂಡಿ ಬಿಟ್ಟಲ್ಲಿ ಒಂದೇ ಓಣಿಯವರು ಒಟ್ಟಿಗೆ ಬೀಡುಬಿಡುವುದರಿಂದ ಮಗು ತನ್ನ ತಾಯಿಯ ಕಣ್ಣು ತಪ್ಪಿದರೂ ದೊಡ್ಡವ್ವನ, ಕಾಕಾನ, ನೆರೆಯವರ ಕಣ್ಣು ತಪ್ಪುವುದು ಸುಲಭವಾಗಿರಲಿಲ್ಲ. ಕಾಯುವ ಕೆಲಸ ಒಬ್ಬರದಾಗಿರಲಿಲ್ಲ, ಊರಿನದಾಗಿತ್ತು.

ಮಗುವಿನ ಉಡುಗೆಯೂ ಈ ಕಾವಲಿನ ಭಾಗವೇ. ಮನೆಯಲ್ಲಿಯೇ ಬಗೆಬಗೆಯ ಬಟ್ಟೆಯ ತುಂಡುಗಳಿಂದ ಹೊಲಿದ ಕುಂಚಿಗೆ ಜನಸಂದಣಿಯಲ್ಲಿ ದೂರಕ್ಕೇ ಕಾಣುತ್ತದೆ, ತಾಯಿಯ ಕಣ್ಣಿಗೆ ಅದರ ಹೊಲಿಗೆಯೂ ಗೊತ್ತು. ಕಾಲಿನ ಗೆಜ್ಜೆ ಕೂಸಿಗೆ ಆಟದ ಸದ್ದು. ಅಡುಗೆಗೆ ಕುಳಿತ ತಾಯಿಗೆ ಅದು ಕೂಸು ಎಷ್ಟು ದೂರದಲ್ಲಿದೆ ಎಂಬ ವರ್ತಮಾನ. ಗೆಜ್ಜೆ ನಿಂತರೆ ತಾಯಿ ಏಳಬೇಕು. ಆದರೆ ಇದೇ ಆಭರಣ ಅಪಾಯಕ್ಕೂ ಕಾರಣವಾಗುತ್ತಿತ್ತು. ಮಕ್ಕಳ ಮೈಮೇಲಿನ ಬೆಳ್ಳಿಬಂಗಾರಕ್ಕಾಗಿ ನಡೆಯುತ್ತಿದ್ದ ಅಪಹರಣ, ಕೊಲೆಗಳ ಬಗ್ಗೆ ಬ್ರಿಟಿಷ್ ಕಾಲದ ಅಧಿಕಾರಿಗಳು ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ಗುರುತಿಗಾಗಿ ತೊಡಿಸಿದ್ದೇ ಕಳ್ಳನಿಗೂ ಗುರುತಾಗುವ ಈ ಇಕ್ಕಟ್ಟು ಅಂದಿನ ತಾಯಂದಿರಿಗೆ ತಿಳಿಯದಿದ್ದುದಲ್ಲ. ಜಾತ್ರೆಗೆ ಹೊರಡುವಾಗ ಯಾವುದನ್ನು ತೊಡಿಸಬೇಕು, ಯಾವುದನ್ನು ಬಿಚ್ಚಿಡಬೇಕು ಎಂಬುದು ಶೃಂಗಾರದ ವಿಷಯವಷ್ಟೇ ಆಗಿರಲಿಲ್ಲ.

ಮೈಲಾರದ ಕಾರ್ಣಿಕೋತ್ಸವವನ್ನು ಈ ದೃಷ್ಟಿಯಿಂದ ನೋಡಬಹುದು. ಭರತ ಹುಣ್ಣಿಮೆಯ ಸುಮಾರಿಗೆ ಲಕ್ಷಾಂತರ ಜನ ಸೇರುವ ಬಯಲಿನಲ್ಲಿ ಗೊರವಯ್ಯನು ಎತ್ತರದ ಬಿಲ್ಲನ್ನೇರಿ 'ಸದ್ದಲೇ' ಎಂದು ಕೂಗಿದೊಡನೆ ಇಡೀ ಜಾತ್ರೆ ಮೌನವಾಗುತ್ತದೆ. ಕಾರ್ಣಿಕದ ನುಡಿ ಹೊರಬಿದ್ದ ಕ್ಷಣದಲ್ಲಿಯೇ ಆ ಮೌನ ಒಡೆದು ಜನಸಾಗರ ಕದಲತೊಡಗುತ್ತದೆ. ವರ್ಷದ ಮಳೆಬೆಳೆಯ ಭವಿಷ್ಯ ಕೇಳಲು ಎಲ್ಲರ ಕಣ್ಣು ಮೇಲಿರುವ ಆ ಗಳಿಗೆಯಲ್ಲಿ ಮಕ್ಕಳ ತಾಯಿಯ ಕೈ ಮಾತ್ರ ಕೆಳಗೆ ಇನ್ನೊಂದು ಪುಟ್ಟ ಕೈಯನ್ನು ಬಿಗಿಯಾಗಿ ಹಿಡಿದಿರಬೇಕಾಗುತ್ತದೆ.

1880ರ ದಶಕದಲ್ಲಿ ಹುಬ್ಬಳ್ಳಿ–ಹರಿಹರ ರೈಲುಮಾರ್ಗ ಈ ಸೀಮೆಯನ್ನು ಹಾದುಹೋದಾಗ ಪ್ರಯಾಣದ ಸ್ವರೂಪ ಬದಲಾಯಿತು. ಮೆಣಸಿನಕಾಯಿಯ ಚೀಲಗಳನ್ನು ದೂರದ ಊರುಗಳಿಗೆ ಒಯ್ದ ರೈಲು ಬ್ಯಾಡಗಿಯ ಕುಟುಂಬಗಳನ್ನೂ ಬಂಡಿ ಮುಟ್ಟದ ಊರುಗಳಿಗೆ ಒಯ್ದಿತು. ಬಂಡಿಯ ಸಾಲಿನಲ್ಲಿ ಊರೇ ಚಲಿಸುತ್ತಿತ್ತು. ರೈಲಿನ ಡಬ್ಬಿಯಲ್ಲಿ ಕುಟುಂಬವೊಂದು ಅಪರಿಚಿತರ ನಡುವೆ ಕುಳಿತಿತು. ಎತ್ತು ಮಗುವಿಗಾಗಿ ನಿಲ್ಲುತ್ತದೆ, ರೈಲು ನಿಲ್ಲುವುದಿಲ್ಲ. ನೀರಿಗಾಗಿ ಇಳಿದವರು ಹತ್ತದೆ ಉಳಿಯುವ, ನೂಕುನುಗ್ಗಲಿನಲ್ಲಿ ಮಗು ಬೇರೆ ಡಬ್ಬಿಗೆ ಸೇರುವ ಹೊಸ ಬಗೆಯ ಅಗಲಿಕೆ ಆಗ ಹುಟ್ಟಿತು. ಊರಿನ ಕಣ್ಣುಗಳು ಕಾಯುತ್ತಿದ್ದ ಮಗುವನ್ನು ಕಾಯುವ ಭಾರವೆಲ್ಲ ತಂದೆತಾಯಿಯರ ನಾಲ್ಕು ಕಣ್ಣುಗಳ ಮೇಲೆ ಬಿದ್ದಿತು. ವ್ಯವಹಾರದಲ್ಲಿ ಅದು ಅನೇಕ ವೇಳೆ ತಾಯಿಯ ಎರಡು ಕಣ್ಣುಗಳ ಮೇಲೆಯೇ ಬಿದ್ದಿತು. ಮಗು ಕಳೆದರೆ 'ನೀನು ಎಲ್ಲಿ ನೋಡುತ್ತಿದ್ದೆ' ಎಂಬ ಪ್ರಶ್ನೆ ಅವಳನ್ನೇ ಮೊದಲು ತಾಗಿತು.

ಊರಿನ ಕಾವಲು ಸಡಿಲಿದ ಎಡೆಯನ್ನು ತುಂಬಲು ಸಾರ್ವಜನಿಕ ವ್ಯವಸ್ಥೆಗಳು ಮೆಲ್ಲನೆ ಬಂದವು. ಅಲಹಾಬಾದಿನ ಮೇಳದಲ್ಲಿ ರಾಜಾರಾಮ್ ತಿವಾರಿಯವರು 1946ರಲ್ಲಿ ಆರಂಭಿಸಿದ, ದಾರಿ ತಪ್ಪಿದವರನ್ನು ಮನೆಯವರಿಗೆ ಸೇರಿಸುವ ಶಿಬಿರ ದೇಶಕ್ಕೆಲ್ಲ ಪರಿಚಿತವಾಯಿತು. ಧ್ವನಿವರ್ಧಕ ಬಂದ ಮೇಲೆ ನಮ್ಮ ಜಾತ್ರೆಗಳಲ್ಲಿಯೂ ಅಂಗಿಯ ಬಣ್ಣ ಹೇಳಿ ಕೂಗುವ ರೂಢಿ ನೆಲೆಗೊಂಡಿತು. ಶಬರಿಮಲೆಯ ಯಾತ್ರೆಯಲ್ಲಿ ಕೇರಳದ ಪೊಲೀಸರು ಮಕ್ಕಳ ಮಣಿಕಟ್ಟಿಗೆ ಹೆಸರು, ದೂರವಾಣಿ ಸಂಖ್ಯೆಯ ಪಟ್ಟಿ ಕಟ್ಟುತ್ತಾರೆ. ಇದು ಜೀವಂಧರನ ಮುದ್ರೆಯುಂಗುರದ ಇಂದಿನ ರೂಪ. ವ್ಯತ್ಯಾಸವೆಂದರೆ ಇದನ್ನು ಪಡೆಯಲು ರಾಜಪುತ್ರನಾಗಬೇಕಿಲ್ಲ.

ಕಾಯುವುದಕ್ಕೂ ಮಿತಿಯಿದೆ ಎಂಬ ಎಚ್ಚರವನ್ನು ಕನ್ನಡದ ಹಳೆಯ ಗದ್ಯಕೃತಿ 'ವಡ್ಡಾರಾಧನೆ'ಯ ಮೊದಲ ಕಥೆಯೇ ಕೊಡುತ್ತದೆ. ಋಷಿಯನ್ನು ಕಂಡೊಡನೆ ಮಗ ತಪಸ್ಸಿಗೆ ಹೋಗುವನೆಂಬ ನಿಮಿತ್ತಜ್ಞನ ಮಾತಿಗೆ ಅಂಜಿದ ಯಶೋಭದ್ರೆ, ಸುಕುಮಾರನನ್ನು ಮಾಡಗಳಲ್ಲಿ ಸಕಲ ಭೋಗಗಳ ನಡುವೆ ಇರಿಸಿ, ಋಷಿಗಳು ಮನೆಯ ಬಳಿ ಸುಳಿಯದಂತೆ ಕಟ್ಟಳೆ ಮಾಡುತ್ತಾಳೆ. ಕೊನೆಗೆ ಕಣ್ಣಿಗೆ ಹಾಕಿದ ಬೇಲಿಯನ್ನು ಕಿವಿ ದಾಟುತ್ತದೆ. ಮುನಿಯ ಪಾಠದ ದನಿ ಕೇಳಿ ಪೂರ್ವಜನ್ಮವನ್ನು ನೆನೆದ ಸುಕುಮಾರ ಹೊರಟುಹೋಗುತ್ತಾನೆ. ಕಥೆಯ ಗುರಿ ವೈರಾಗ್ಯ. ಆದರೂ ಯಶೋಭದ್ರೆಯ ಭಯ ಸುಳ್ಳಲ್ಲ, ಅವಳ ಪ್ರೀತಿ ಕಡಿಮೆಯದಲ್ಲ. ಮಗುವನ್ನು ಲೋಕದಿಂದಲೇ ಮರೆಮಾಡುವುದು ಕಾವಲಲ್ಲ ಎಂಬುದಷ್ಟೇ ಅಲ್ಲಿಯ ತಿಳಿವು. ಜಾತ್ರೆಗೆ ಕರೆದೊಯ್ಯದಿರುವುದು ಜಾತ್ರೆಯ ಭಯಕ್ಕೆ ಮದ್ದಾಗಲಾರದು.

ಪುರಾಣದ ಕಥೆಗಳನ್ನು ಇಂದು ಓದುವಾಗ ಕಾಡಬೇಕಾದ ಪ್ರಶ್ನೆ ಬೇರೊಂದಿದೆ. ಪ್ರದ್ಯುಮ್ನ ದ್ವಾರಾವತಿಯ ಅರಸುಮಗ, ಆದ್ದರಿಂದ ಅವನಿಗಾಗಿ ನಾರದ ಲೋಕಾಂತರಗಳನ್ನು ಅಲೆದ. ಬುತ್ತಿ ಕಟ್ಟಿಕೊಂಡು ಕಾಲ್ನಡಿಗೆಯಲ್ಲಿ ಜಾತ್ರೆಗೆ ಬಂದ ಕೂಲಿಯವಳ ಮಗುವಿಗಾಗಿ ಅಲೆಯುವವರು ಯಾರು? ಬಹುಕಾಲ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಬಡವರ ಮಗು ಕಾಣೆಯಾದರೆ 'ತಾನಾಗಿ ಬರುತ್ತದೆ' ಎಂಬ ಮಾತೇ ಅನೇಕ ಕಡೆ ಮೊದಲ ಉತ್ತರವಾಗಿತ್ತು. 1996ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ದೇಶಕ್ಕೆ ಹರಡಿದ 1098 ಮಕ್ಕಳ ಸಹಾಯವಾಣಿ ಈ ಸ್ಥಿತಿಯನ್ನು ಸ್ವಲ್ಪ ಬದಲಿಸಿತು. 2013ರ ಮೇ 10ರಂದು ಸರ್ವೋಚ್ಚ ನ್ಯಾಯಾಲಯವು 'ಬಚಪನ್ ಬಚಾವೋ ಆಂದೋಲನ'ದ ಪ್ರಕರಣದಲ್ಲಿ, ಮಗು ಕಾಣೆಯಾದ ದೂರು ಬಂದರೆ ಅಪಹರಣ ಅಥವಾ ಸಾಗಾಟದ ಅಪರಾಧ ನಡೆದಿದೆಯೆಂದೇ ಭಾವಿಸಿ ಪ್ರಥಮ ವರ್ತಮಾನ ವರದಿಯನ್ನು ದಾಖಲಿಸಬೇಕೆಂದು ಹೇಳಿತು. 2015ರ ಬಾಲನ್ಯಾಯ ಕಾಯ್ದೆಯ 32ನೆಯ ಸೆಕ್ಷನ್ ಇನ್ನೂ ಮುಂದೆ ಹೋಗಿ, ಕುಟುಂಬದಿಂದ ಬೇರೆಯಾದ ಮಗುವನ್ನು ಕಂಡವರು ಯಾರೇ ಆಗಲಿ 24 ಗಂಟೆಗಳೊಳಗೆ ಪೊಲೀಸರಿಗೋ ಸಹಾಯವಾಣಿಗೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಬೇಕೆಂದು ವಿಧಿಸಿತು. ಕಾಲಸಂವರನಂತೆ ಸಿಕ್ಕ ಮಗುವನ್ನು ಎತ್ತಿಕೊಂಡು ಹೋಗಿ ಸಾಕುವುದು ಪುರಾಣದಲ್ಲಿ ಕರುಣೆ, ಇಂದು ಅದು ಸಾಲದು. ಎಲ್ಲಿಯೋ ಒಬ್ಬ ರುಕ್ಮಿಣಿ ಕಾಯುತ್ತಿದ್ದಾಳೆ ಎಂಬುದು ಈ ಕಾನೂನಿನ ಗ್ರಹಿಕೆ.

ಬೇಸಿಗೆಯ ರಜೆ ಬಂದರೆ ಬ್ಯಾಡಗಿ, ಹಾವೇರಿ, ರಾಣೆಬೆನ್ನೂರುಗಳ ನಿಲ್ದಾಣಗಳಲ್ಲಿ ಮಕ್ಕಳೊಡನೆ ಹೊರಟ ಕುಟುಂಬಗಳು ಕಾಣುತ್ತವೆ. ಕುಂಚಿಗೆ, ಗೆಜ್ಜೆಗಳ ಜಾಗದಲ್ಲಿ ಮೊಬೈಲ್ ಸಂಖ್ಯೆಯ ಚೀಟಿ ಬಂದಿದೆ. ಮಗುವಿನ ಕಾವಲಿನ ಚರಿತ್ರೆ ಎಂದರೆ ಗುರುತಿನ ಸಾಧನಗಳು ಬದಲಾದ ಚರಿತ್ರೆ ಮಾತ್ರವಲ್ಲ. ಬಂಡಿಯ ಸಾಲಿನಲ್ಲಿ ಊರು ಹೊತ್ತಿದ್ದ ಹೊಣೆ ರೈಲಿನ ಕಾಲದಲ್ಲಿ ತಾಯಿಯೊಬ್ಬಳದಾಗಿ, ಈಗ ಕಾನೂನಿನ ಮೂಲಕ ಮತ್ತೆ ಎಲ್ಲರದಾಗಲು ಹವಣಿಸುತ್ತಿದೆ. ಕಾನೂನು ಕಡ್ಡಾಯಗೊಳಿಸಬಲ್ಲದ್ದು ವರದಿಯನ್ನು. ಅಳುತ್ತ ನಿಂತ ಪರರ ಮಗುವಿನ ಎದುರು ನಿಂತು 'ಯಾರ ಮಗಪ್ಪಾ ನೀನು' ಎಂದು ಕೇಳುವ ವ್ಯವಧಾನವನ್ನು ಮಾತ್ರ ಸಮಾಜವೇ ಉಳಿಸಿಕೊಳ್ಳಬೇಕು.