ಸೋಜರ್ನರ್ ಟ್ರೂತ್ ಬಾಯಿಗೆ ತುರುಕಿದ ಮಾತು



ಮಹಿಳಾ ದಿನ ಬಂದ್ರೆ ಸಾಕು, ‘ನಾನು ಹೆಣ್ಣಲ್ಲವೇ?’ ಅನ್ನೋ ಪೋಸ್ಟರ್ ಓಡಾಡುತ್ತೆ. ಕೆಳಗೆ ಬಿಳಿ ಟೋಪಿ ಹಾಕಿದ ಕಪ್ಪು ಅಜ್ಜಿ, ಸೋಜರ್ನರ್ ಟ್ರೂತ್. ಅಮೆರಿಕದಲ್ಲಿ ಹೆಂಗಸರ ಹಕ್ಕಿಗಾಗಿ ದನಿ ಎತ್ತಿದ ಮೊದಲಿಗರಲ್ಲಿ ಒಬ್ಬರು. ಆದ್ರೆ ಆ ಮಾತು ಅವರದ್ದು ಅನ್ನೋದೇ ಅನುಮಾನ.

1797ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮರ ಮಗಳಾಗಿ ಹುಟ್ಟಿದರು. ಇಸಬೆಲ್ಲಾ ಅಂತ ಹೆಸರು. ಒಡೆಯರು ಡಚ್ಚರು, ಹಾಗಾಗಿ ಮಗುವಿನ ಮೊದಲ ಮಾತೂ ಡಚ್. ಒಂಬತ್ತರ ವಯಸ್ಸಲ್ಲಿ ಕುರಿಮಂದೆ ಜೊತೆ ಹರಾಜು ಹಾಕಿದ್ರು, 100 ಡಾಲರ್‌ಗೆ. 1826ರಲ್ಲಿ ಹಸುಗೂಸು ಎತ್ತಿಕೊಂಡು ಒಡೆಯನ ಮನೆ ಬಿಟ್ಟು ನಡೆದೇಬಿಟ್ಟರು. ಮಗ ಪೀಟರ್‌ನನ್ನು ಕಾನೂನು ಮೀರಿ ಅಲಬಾಮಕ್ಕೆ ಮಾರಿದ್ದರು. ಅಕ್ಷರ ಬಾರದ ಈ ತಾಯಿ ಕೋರ್ಟಿಗೆ ಹೋಗಿ 1828ರಲ್ಲಿ ಮಗನನ್ನು ವಾಪಸ್ ಪಡೆದರು! ಸೋಜರ್ನರ್ ಟ್ರೂತ್ ಅನ್ನೋದು 1843ರಲ್ಲಿ ತಾವೇ ಇಟ್ಟುಕೊಂಡ ಹೆಸರು.

1851ರ ಮೇ ತಿಂಗಳು, ಓಹಾಯೋದ ಆಕ್ರನ್‌ನಲ್ಲಿ ಮಹಿಳಾ ಸಮ್ಮೇಳನ. ಅಲ್ಲೇ ಕೂತು ಕೇಳಿದ ಮರಿಯಸ್ ರಾಬಿನ್ಸನ್ ಮರುತಿಂಗಳೇ ಟ್ರೂತ್ ಭಾಷಣವನ್ನ ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿದರು. ಉಳೋದ್ರಲ್ಲಿ, ಕೊಯ್ಯೋದ್ರಲ್ಲಿ ಗಂಡಸಿಗೆ ತಾನೇನೂ ಕಡಿಮೆಯಿಲ್ಲ ಅಂದ ಮಾತು ಅಲ್ಲಿದೆ. ‘ನಾನು ಹೆಣ್ಣಲ್ಲವೇ’ ಇಲ್ಲ. ಅದು ಬಂದಿದ್ದು 12 ವರ್ಷದ ಮೇಲೆ, 1863ರಲ್ಲಿ, ಆ ಸಭೆಯ ಅಧ್ಯಕ್ಷೆಯಾಗಿದ್ದ ಬಿಳಿ ಲೇಖಕಿ ಫ್ರಾನ್ಸಿಸ್ ಗೇಜ್ ಬರೆದಾಗ. ಡಚ್ ಆಡಿ ಬೆಳೆದ ಹೆಂಗಸಿನ ಬಾಯಲ್ಲಿ ದಕ್ಷಿಣದ ಗುಲಾಮರ ಆಡುಮಾತು! ಐದು ಮಕ್ಕಳ ತಾಯಿಗೆ 13 ಮಕ್ಕಳು! ಗೇಜ್ ಶತ್ರುವಲ್ಲ, ಗುಲಾಮಗಿರಿ ವಿರುದ್ಧ ನಿಂತವರೇ. ನಾನು ಆಫೀಸಲ್ಲಿ ದಿನಾ ನೋಡ್ತೀನಿ, ಹೆಬ್ಬೆಟ್ಟು ಒಬ್ಬರದು, ಅರ್ಜಿಯ ಮಾತು ಇನ್ನೊಬ್ಬರದು. ಒಳ್ಳೇ ಮನಸ್ಸಿಂದ ಬರೆದ್ರೂ ಅಷ್ಟೇ.

ಪೋಸ್ಟರ್‌ಗೆ ಬಾರದ ಮಾತೊಂದಿದೆ. ಕಪ್ಪು ಗಂಡಸರಿಗೆ ಮಾತ್ರ ಹಕ್ಕು ಸಿಕ್ಕರೆ ಅವರು ಹೆಂಗಸರಿಗೆ ಒಡೆಯರಾಗ್ತಾರೆ ಅಂತ 1867ರಲ್ಲಿ ನ್ಯೂಯಾರ್ಕ್ ಸಭೆಯಲ್ಲಿ ಟ್ರೂತ್ ಎಚ್ಚರಿಸಿದ್ರು. ನಮ್ಮ ಸಂಘಟನೆಗಳ ಅಣ್ಣಂದಿರು ಇದನ್ನ ಎರಡು ಸಲ ಓದಿ. 1870ರಲ್ಲಿ 15ನೇ ತಿದ್ದುಪಡಿ ಬಂತು, ಹೆಂಗಸರು ಹೊರಗೇ ಉಳಿದರು. 1872ರಲ್ಲಿ ಓಟು ಹಾಕಲು ಹೋದ ಟ್ರೂತ್‌ರನ್ನ ವಾಪಸ್ ಕಳಿಸಿದ್ರು. 1883ರಲ್ಲಿ ತೀರಿಕೊಂಡರು. 1920ರಲ್ಲಿ ಹೆಂಗಸರಿಗೆ ಮತದ ಹಕ್ಕು ಬಂದರೂ ದಕ್ಷಿಣ ರಾಜ್ಯಗಳ ಎಷ್ಟೋ ಕಪ್ಪು ಹೆಂಗಸರು 1965ರ ಕಾಯ್ದೆವರೆಗೆ ಕಾಯಬೇಕಾಯ್ತು.

2020ರಲ್ಲಿ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಪ್ರತಿಮೆ ನಿಂತಿತು. ಮೊದಲ ವಿನ್ಯಾಸದಲ್ಲಿ ಬಿಳಿಯರಾದ ಸೂಸನ್ ಆಂಟನಿ, ಎಲಿಜಬೆತ್ ಸ್ಟ್ಯಾಂಟನ್ ಇಬ್ಬರೇ. ತಕರಾರು ಎದ್ದ ಮೇಲೆ ಟ್ರೂತ್‌ರನ್ನೂ ಸೇರಿಸಿದರು. ಈಗ ಒಂದೇ ಮೇಜಿಗೆ ಮೂವರಿದ್ದಾರೆ. ಟ್ರೂತ್ ಮಾತಾಡ್ತಿದ್ದಾರೆ, ಸ್ಟ್ಯಾಂಟನ್ ಬರೀತಿದ್ದಾರೆ.