ಗೋಡೆಯ ಮೇಲಿನ ಹದಿಹರೆಯ

ಮಕ್ಕಳಿಗೆಂದೇ ಪ್ರತ್ಯೇಕ ಕೋಣೆ ಎಂಬ ಕಲ್ಪನೆ ಮನೆಯ ಇತಿಹಾಸದಲ್ಲಿ ಈಚಿನದು. ನಮ್ಮ ತೊಟ್ಟಿಮನೆಗಳಲ್ಲಿ ಅಡುಗೆಗೆ, ದೇವರಿಗೆ, ಬಾಣಂತಿಗೆ ಕೋಣೆಗಳಿದ್ದವು. ಹದಿಮೂರರ ಹುಡುಗಿಯ ಪಾಲಿಗೆ ಸಾಮಾನ್ಯವಾಗಿ ಇದ್ದುದು ನಡುಮನೆಯ ಚಾಪೆಯ ಒಂದು ಅಂಚು. ಹದಿಹರೆಯವನ್ನು ಬಾಳಿನ ಬೇರೆಯದೇ ಘಟ್ಟವೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಜಿ. ಸ್ಟ್ಯಾನ್ಲಿ ಹಾಲ್ ತಮ್ಮ ಬೃಹತ್ ಗ್ರಂಥದಲ್ಲಿ ನಿರೂಪಿಸಿದ್ದು 1904ರಲ್ಲಿ. ಆ ಘಟ್ಟದಲ್ಲಿ ಮಗುವಿನ ಕೋಣೆ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಮನಕಲಕುವ ಸಾಕ್ಷಿಯೊಂದು ಆಮ್‌ಸ್ಟರ್‌ಡಾಮ್‌ನಲ್ಲಿ ಉಳಿದಿದೆ.

ಅದು ಪ್ರಿನ್ಸೆನ್‌ಗ್ರಾಖ್ಟ್ ಕಾಲುವೆಯ ದಂಡೆಯ 263ನೆಯ ಸಂಖ್ಯೆಯ ಕಟ್ಟಡ. 1942ರ ಜುಲೈ 6ರಂದು ಒಟ್ಟೊ ಫ್ರಾಂಕ್ ಅವರ ಕುಟುಂಬ ನಾಜಿಗಳ ಕಣ್ತಪ್ಪಿಸಿ ಅದರ ಹಿಂಭಾಗವನ್ನು ಸೇರಿತು. ಕಿರಿಯ ಮಗಳು ಆನ್‌ಗೆ ಆಗಷ್ಟೇ ಹದಿಮೂರು ತುಂಬಿತ್ತು. ಇಕ್ಕಟ್ಟಾದ ಕೋಣೆ, ಬೋಳು ಗೋಡೆ, ಹಗಲಿನಲ್ಲಿ ಸರಿಸಲಾಗದ ಪರದೆ. ಆದರೆ ಮಗಳು ಕೂಡಿಟ್ಟಿದ್ದ ಅಂಚೆ ಕಾರ್ಡುಗಳನ್ನೂ ಚಿತ್ರತಾರೆಯರ ಚಿತ್ರಗಳನ್ನೂ ತಂದೆ ಮುಂಚಿತವಾಗಿಯೇ ಅಲ್ಲಿಗೆ ಸಾಗಿಸಿದ್ದರು. ಆಕೆ ಅಂಟು ಬಳಿದು ಗೋಡೆಯ ತುಂಬ ಅವುಗಳನ್ನು ಹಚ್ಚಿದಳು. ಯಹೂದಿಗಳಿಗೆ ಚಿತ್ರಮಂದಿರದ ಬಾಗಿಲು 1941ರಲ್ಲೇ ಮುಚ್ಚಿತ್ತು. ಗ್ರೇಟಾ ಗಾರ್ಬೊ ಗೋಡೆಯ ಮೇಲೆ ಬಂದು ನಿಂತಳು.

ಅದೇ ನವೆಂಬರಿನಲ್ಲಿ ಅಕ್ಕ ಮಾರ್ಗೊ ತಂದೆತಾಯಿಯ ಕೋಣೆಗೆ ಹೋಗಬೇಕಾಯಿತು. ದಂತವೈದ್ಯ ಫ್ರಿಟ್ಸ್ ಫೆಫರ್ ಆನ್‌ಳ ಕೋಣೆಗೆ ಬಂದರು. ನಡುವಯಸ್ಸಿನ ವ್ಯಕ್ತಿಯೊಡನೆ ಕೋಣೆ ಹಂಚಿಕೊಂಡ ಹುಡುಗಿ ಓದುಬರಹಕ್ಕೆ ವಾರದಲ್ಲಿ ಎರಡು ಮಧ್ಯಾಹ್ನ ಮೇಜು ಬೇಕೆಂದು ಕೇಳಿದಳು. ಅವರು ಒಪ್ಪಲಿಲ್ಲ. ತಂದೆ ನಡುವೆ ಬಂದ ಮೇಲೆ ಅದು ದೊರೆಯಿತು. ಹದಿಹರೆಯಕ್ಕೆ ಕೋಣೆ ಎಂದರೆ ಅಲಂಕಾರವಷ್ಟೇ ಅಲ್ಲ, ಅಧಿಕಾರವೂ ಹೌದು ಎಂಬುದನ್ನು ಈ ಸಣ್ಣ ಜಗಳ ತಿಳಿಸುತ್ತದೆ.

ಕಾಲ ಸರಿದಂತೆ ಗೋಡೆಯೂ ಬದಲಾಯಿತು. ತಾರೆಯರ ನಡುವೆ ಲಿಯೊನಾರ್ಡೊ, ಮೈಕೆಲೆಂಜಲೊ ಅವರ ಕೃತಿಗಳ ಚಿತ್ರಗಳು ಸೇರಿಕೊಂಡವು. ಹುಡುಗಿಯ ಆಸಕ್ತಿ ಸಿನಿಮಾದಿಂದ ಕಲೆ, ಇತಿಹಾಸಗಳ ಕಡೆಗೆ ಹೊರಳಿತ್ತು. ಇನ್ನೊಂದೆಡೆ ಹೆತ್ತವರು ಮಕ್ಕಳ ಎತ್ತರವನ್ನು ಗೋಡೆಯ ಕಾಗದದ ಮೇಲೆ ಪೆನ್ಸಿಲ್ ಗೆರೆಗಳಲ್ಲಿ ಗುರುತಿಸುತ್ತಿದ್ದರು. ಎರಡು ವರ್ಷಗಳಲ್ಲಿ ಆನ್ 13 ಸೆಂಟಿಮೀಟರಿಗೂ ಹೆಚ್ಚು ಬೆಳೆದಿದ್ದಳು.

ವರ್ಗಾವಣೆಯ ನೌಕರಿಯಲ್ಲಿರುವ ನಮ್ಮಂಥವರ ಮನೆಗಳಲ್ಲಿ ಗೋಡೆ ಸರ್ಕಾರದ್ದು. ಒಂದು ಮೊಳೆ ಹೊಡೆಯುವಾಗಲೂ ಕ್ವಾರ್ಟರ್ಸ್ ಬಿಟ್ಟುಕೊಡುವ ದಿನ ಕಣ್ಣೆದುರು ಬರುತ್ತದೆ. ಬೆಳೆದ ಮಗಳು ಆನೆ, ಮೊಲಗಳ ಚಿತ್ರವನ್ನು ಕಿತ್ತು ತನಗೆ ಬೇಕಾದುದನ್ನು ಹಚ್ಚುತ್ತೇನೆಂದರೆ, "ಮುಂದಿನ ವರ್ಷ ಯಾವ ಊರೋ, ಈಗೇಕೆ?" ಎನ್ನುವುದು ಸುಲಭ. ಒಟ್ಟೊ ಫ್ರಾಂಕ್ ಅವರಿಗೆ ಆ ಆಶ್ರಯ ಎಷ್ಟು ದಿನದ್ದೆಂಬುದೇ ತಿಳಿದಿರಲಿಲ್ಲ. ಆದರೂ ಪ್ರಾಣ ಉಳಿಸಿಕೊಳ್ಳಲು ಬೇಕಾದ ಸಾಮಾನುಗಳ ಜೊತೆಗೆ ಅವರು ಮಗಳ ಚಿತ್ರಗಳಿಗೂ ಜಾಗ ಮಾಡಿದ್ದರು.

1944ರ ಆಗಸ್ಟ್ 4ರಂದು ಅಡಗಿದ್ದ ಎಂಟೂ ಮಂದಿಯ ಬಂಧನವಾಯಿತು. ಆನ್ 1945ರಲ್ಲಿ ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ, ಹದಿನಾರು ತುಂಬುವ ಮೊದಲೇ ತೀರಿಕೊಂಡಳು. ಎಂಟರಲ್ಲಿ ಬದುಕಿ ಬಂದವರು ತಂದೆಯೊಬ್ಬರೇ. ಬಂಧನದ ನಂತರ ಅಲ್ಲಿದ್ದ ಪೀಠೋಪಕರಣಗಳನ್ನೆಲ್ಲ ನಾಜಿಗಳು ಸಾಗಿಸಿದ್ದರು. 1960ರಲ್ಲಿ ಆ ಮನೆ ವಸ್ತುಸಂಗ್ರಹಾಲಯವಾದಾಗ ಕೋಣೆಗಳು ಖಾಲಿಯಾಗಿಯೇ ಇರಲಿ ಎಂದು ಒಟ್ಟೊ ಬಯಸಿದರು. ಮಂಚವಿಲ್ಲ, ಮೇಜಿಲ್ಲ. ಗೋಡೆಯ ಚಿತ್ರಗಳೂ ಎತ್ತರದ ಗೆರೆಗಳೂ ಮಾತ್ರ ಅಲ್ಲಿ ಹಾಗೆಯೇ ಇವೆ.