ಬಳ್ಳಿ ಗುಲಾಬಿಯ ಬೇರು ಎಲ್ಲಿಯದು?

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನಲ್ಲಿ, ಕೃಷ್ಣಾ ನದಿಯ ದಂಡೆಯ ಮೇಲೆ ಗೂಗಲ್ ಎಂಬ ಊರಿದೆ. ಅಲ್ಲಮಪ್ರಭುವಿನ ಗುಡಿಯಿಂದಾಗಿ ಈ ಊರಿನ ಹೆಸರು ಸುತ್ತಲಿನ ಸೀಮೆಗೆಲ್ಲ ಪರಿಚಿತ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಮಳೆ ಬಿದ್ದರೆ ಕಾಲಿಗೆ ಮೆತ್ತುವ ಎರೆಮಣ್ಣು ಈ ಸೀಮೆಯ ಗುರುತು. ಗುಲಾಬಿಯ ನೆಲವೆಂದು ಇದನ್ನು ಯಾರೂ ಕರೆಯಲಾರರು. ಆದರೂ ಮನೆಯ ಮುಂದೆ ನಾಲ್ಕು ಮೊಳ ಜಾಗವಿದ್ದರೆ ಸಾಕು, ಅಲ್ಲೊಂದು ಗುಲಾಬಿ ನೆಡಬೇಕು, ಸಾಧ್ಯವಾದರೆ ಅದು ಬಾಗಿಲ ಕಮಾನಿನ ಮೇಲೆ ಹಬ್ಬಬೇಕು ಎಂಬ ಆಸೆ ಇಲ್ಲಿಯೂ ಇದೆ, ಬೇರೆಡೆಯೂ ಇದೆ.

ಆ ಆಸೆ ಕೈಗೂಡುವಾಗ ಒಂದು ತೊಡಕು ಎದುರಾಗುತ್ತದೆ. ನೆಟ್ಟ ವರ್ಷ ಗಿಡ ನಾಲ್ಕಾರು ಹೂ ಬಿಡುತ್ತದೆ. ಎರಡನೆಯ ವರ್ಷ ಆಳೆತ್ತರದ ಮುಳ್ಳುಕೊಂಬೆಗಳು ಚಿಮ್ಮುತ್ತವೆ, ಹೂ ಮಾತ್ರ ಕಾಣುವುದಿಲ್ಲ. ಕೆಲವರು ಗೊಬ್ಬರವನ್ನು ದೂರುತ್ತಾರೆ, ಕೆಲವರು ಗಿಡ ಮಾರಿದವರನ್ನು, ಉಳಿದವರು ತಮ್ಮ ಕೈಗುಣವನ್ನು. ನಿಜವಾದ ಕಾರಣ ಗುಲಾಬಿಯ ಚರಿತ್ರೆಯಲ್ಲಿದೆ.

ಹೂವಿನ ಹೆಸರಿನಲ್ಲಿ ನೀರು

ಗುಲಾಬಿ ಎಂಬ ಮಾತು ಕನ್ನಡಕ್ಕೆ ಬಂದದ್ದು ಪಾರಸಿಯಿಂದ. 'ಗುಲ್' ಎಂದರೆ ಹೂ, 'ಆಬ್' ಎಂದರೆ ನೀರು. ಗುಲಾಬ್ ಎಂಬುದು ಮೂಲದಲ್ಲಿ ಹೂವಿನ ಹೆಸರಾಗಿರದೆ ಹೂವಿನಿಂದ ಇಳಿಸಿದ ಪನ್ನೀರಿನ ಹೆಸರಾಗಿತ್ತು. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ರಾಯಚೂರು ಸೀಮೆಯನ್ನು 'ದೋಆಬ್' ಎನ್ನುವಾಗಲೂ ಬರುವುದು ಇದೇ 'ಆಬ್'. ದೋಆಬ್ ಎಂದರೆ ಎರಡು ನೀರುಗಳ ನಡುವಿನ ನಾಡು. ಈ ನಾಡಿಗಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ, ಅನಂತರ ಬಿಜಾಪುರದ ಆದಿಲ್‌ಶಾಹಿಗಳೂ ತಲೆಮಾರುಗಟ್ಟಲೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಯನ್ನು ಗೆದ್ದದ್ದು ಆ ಕದನಗಳಲ್ಲಿ ಪ್ರಸಿದ್ಧವಾದುದು.

ಆದರೆ ಗುಲಾಬಿಗೆ ಈ ಗಡಿ ಅಡ್ಡಿಯಾಗಲಿಲ್ಲ. 1443ರಲ್ಲಿ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಬಂದಾಗ ಅಲ್ಲಿನ ಪೇಟೆಗಳಲ್ಲಿ ಎಲ್ಲೆಲ್ಲೂ ಗುಲಾಬಿ ಮಾರುತ್ತಿದ್ದುದನ್ನು ಕಂಡ. ಈ ಜನಕ್ಕೆ ಗುಲಾಬಿ ಅನ್ನದಷ್ಟೇ ಅಗತ್ಯವೆಂಬ ಅರ್ಥದಲ್ಲಿ ಆತ ಬರೆದಿಟ್ಟಿದ್ದಾನೆ. ಗುಲಾಬಿಯ ನಾಡಾದ ಪಾರಸಿಕದಿಂದ ಬಂದವನೇ ಬೆರಗಾದನೆಂದರೆ ಆ ಪೇಟೆಯ ಸಂಭ್ರಮ ಎಷ್ಟಿತ್ತೆಂದು ಊಹಿಸಬಹುದು.

ಆಗ ಸಿಂಹಾಸನದಲ್ಲಿದ್ದವನು ಪ್ರೌಢದೇವರಾಯ. ಅವನ ಕಾಲದ ಕವಿ ಚಾಮರಸ ಬರೆದ 'ಪ್ರಭುಲಿಂಗಲೀಲೆ'ಯ ನಾಯಕ ಇದೇ ಅಲ್ಲಮಪ್ರಭು. ಆ ಕಾವ್ಯದಲ್ಲಿ ತೋಟ ಅಗೆಯುತ್ತಿದ್ದ ಗೊಗ್ಗಯ್ಯನೆಂಬ ಶರಣನನ್ನು ಅಲ್ಲಮ ಭೇಟಿಯಾಗುವ ಪ್ರಸಂಗವಿದೆ. ಹೊರಗಿನ ತೋಟದ ದುಡಿಮೆಯಿಂದ ಒಳಗಿನ ತೋಟದ ಕಡೆಗೆ ಅವನ ಗಮನವನ್ನು ಅಲ್ಲಮ ತಿರುಗಿಸುತ್ತಾನೆ. ಬೀದಿಯಲ್ಲಿ ಗುಲಾಬಿ ಮಾರುತ್ತಿದ್ದ ಕಾಲದಲ್ಲಿಯೇ ಕಾವ್ಯದಲ್ಲಿ ತೋಟಿಗನೊಬ್ಬ ಅರಿವು ಪಡೆಯುತ್ತಿದ್ದನೆಂಬುದು ಗಮನಿಸಬೇಕಾದ ಸಂಗತಿ.

ಹಬ್ಬುವ ಗುಣ ಹಳೆಯದು

ಗುಲಾಬಿಯೆಂದರೆ ಮೊಣಕಾಲೆತ್ತರದ ಪೊದೆ ಎಂಬ ಕಲ್ಪನೆ ಈಚಿನದು. ಕಾಡುಗುಲಾಬಿಗಳಲ್ಲಿ ಅನೇಕವು ಮರವನ್ನೇರುವ ಜಾತಿಯವು. ಆಯುರ್ವೇದದ ನಿಘಂಟುಗಳಲ್ಲಿ 'ಕುಬ್ಜಕ' ಎಂದು ಹೇಳಿರುವ ಗಿಡವನ್ನು ಹಿಮಾಲಯದಲ್ಲಿ ಮರಗಳ ಮೇಲೆ ಹಬ್ಬಿ ಬಿಳಿಯ ಹೂಗೊಂಚಲು ಬಿಡುವ ಕಾಡುಗುಲಾಬಿಯೆಂದು ವಿದ್ವಾಂಸರು ಗುರುತಿಸುತ್ತಾರೆ. ದಕ್ಷಿಣದಲ್ಲಿ ನೀಲಗಿರಿ ಮತ್ತು ಪಳನಿ ಬೆಟ್ಟಗಳ ಶೋಲಾ ಕಾಡುಗಳಲ್ಲಿ ಬೆಳೆಯುವ ಕಾಡುಗುಲಾಬಿಯೂ ಬಳ್ಳಿಯೇ. ಫ್ರೆಂಚ್ ಸಸ್ಯಶೋಧಕ ಲೆಶೆನೋನ ಹೆಸರನ್ನು ಅದಕ್ಕೆ ಇಡಲಾಗಿದೆ. ಮಣಿಪುರದ ಬೆಟ್ಟಗಳಲ್ಲಿ ಜಾರ್ಜ್ ವಾಟ್ 1882ರಲ್ಲಿಯೂ, ಬರ್ಮಾದ ಶಾನ್ ಬೆಟ್ಟಗಳಲ್ಲಿ ಹೆನ್ರಿ ಕಾಲೆಟ್ 1888ರಲ್ಲಿಯೂ ಕಂಡ 'ರೋಸಾ ಜೈಗಾಂಟಿಯಾ' ಇವೆಲ್ಲಕ್ಕಿಂತ ದೈತ್ಯ ಬಳ್ಳಿ.

ಈ ಕಾಡುಬಳ್ಳಿಗಳಿಗೆ ಸಮಾನವಾದ ಒಂದು ಗುಣವಿದೆ. ವರ್ಷಕ್ಕೊಂದು ಸಲ ಮೈತುಂಬ ಹೂ ಬಿಟ್ಟು, ಉಳಿದ ಕಾಲವನ್ನೆಲ್ಲ ಬೆಳೆಯುವುದರಲ್ಲಿ ಕಳೆಯುತ್ತವೆ. ವರ್ಷವಿಡೀ ಹೂ ಬಿಡುವ ಗುಣ ಗುಲಾಬಿಗೆ ಬಂದದ್ದು ಚೀನಾದ ತೋಟಗಳಿಂದ. 18ನೇ ಶತಮಾನದ ಕೊನೆಯಲ್ಲಿ ಚೀನಾದ ಗುಲಾಬಿಗಳು ಹಡಗು ಹತ್ತಿ ಯೂರೋಪಿಗೆ ಹೋದವು. ದಾರಿಯಲ್ಲಿ ಅವುಗಳಿಗೆ ತಂಗುದಾಣವಾದದ್ದು 1787ರಲ್ಲಿ ಕಲ್ಕತ್ತದಲ್ಲಿ ಸ್ಥಾಪನೆಯಾದ ಸಸ್ಯೋದ್ಯಾನ. ಹೀಗಾಗಿ ಚೀನಾದ ಹೂವಿಗೆ ಯೂರೋಪಿನಲ್ಲಿ 'ಬಂಗಾಳದ ಗುಲಾಬಿ' ಎಂಬ ಹೆಸರು ಬಿತ್ತು!

ಈ ಚೀನೀ ಗುಲಾಬಿಯನ್ನು ಹಳೆಯ ಬಳ್ಳಿಗಳೊಡನೆ ಕೂಡಿಸಿದಾಗ ಹೊಸ ಸಂತತಿ ಹುಟ್ಟಿತು. 19ನೇ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ಕರೋಲಿನಾದಲ್ಲಿ 'ನ್ವಾಸೆಟ್' ಎಂಬ ಬಳ್ಳಿಗುಲಾಬಿಗಳ ವಂಶ ಆರಂಭವಾಯಿತು. ಆ ವಂಶದ ಹಳದಿ ಚೆಲುವೆ 'ಮಾರೆಷಾಲ್ ನೀಲ್' 1864ರಲ್ಲಿ ಫ್ರಾನ್ಸಿನಲ್ಲಿ ಹೊರಬಂದು, ಬ್ರಿಟಿಷರ ಕಾಲದಲ್ಲಿ ಭಾರತದ ಬಂಗಲೆಗಳ ಜಗಲಿಯನ್ನೂ ಏರಿತು. ಕೃಷಿ ವಿಜ್ಞಾನಿ ಬಿ.ಪಿ. ಪಾಲ್ ಅವರು 1966ರಲ್ಲಿ ಪ್ರಕಟವಾದ 'ದಿ ರೋಸ್ ಇನ್ ಇಂಡಿಯಾ' ಗ್ರಂಥದ ಮೂಲಕ ಗುಲಾಬಿ ಕೃಷಿಯ ಅರಿವನ್ನು ಸಾಮಾನ್ಯ ತೋಟಪ್ರಿಯರಿಗೂ ತಲುಪಿಸಿದರು. ಸ್ವತಃ ಅನೇಕ ಹೊಸ ತಳಿಗಳನ್ನೂ ಬೆಳೆಸಿದರು.

ಹೂವೋ, ಉದ್ದವೋ?

ಬಳ್ಳಿ ಗುಲಾಬಿಗಳು ಹುಟ್ಟುವ ಇನ್ನೊಂದು ಬಗೆಯುಂಟು. ಪೊದೆಗುಲಾಬಿಯ ಗಿಡದಲ್ಲಿಯೇ ಒಂದು ಕೊಂಬೆ ಇದ್ದಕ್ಕಿದ್ದಂತೆ ಉದ್ದಕ್ಕೆ ಓಡತೊಡಗುತ್ತದೆ. ಅದರ ಕಣ್ಣನ್ನು ತೆಗೆದು ಕಸಿ ಮಾಡಿದರೆ ಅದೇ ಹೂವಿನ ಬಳ್ಳಿ ತಯಾರು. 1958ರ ಬಿಳಿಯ 'ಐಸ್‌ಬರ್ಗ್' ಪೊದೆ 1968ರಲ್ಲಿ 'ಕ್ಲೈಂಬಿಂಗ್ ಐಸ್‌ಬರ್ಗ್' ಆದದ್ದು ಹೀಗೆ.

ಇದರ ಒಳಗುಟ್ಟು ತಿಳಿದದ್ದು 2012ರಲ್ಲಿ. ಗುಲಾಬಿಯಲ್ಲಿ ಹೂ ಬಿಡುವುದನ್ನು ತಡೆಹಿಡಿಯುವ ಒಂದು ವಂಶವಾಹಿ ಇದೆ. ಚೀನೀ ಗುಲಾಬಿಯಲ್ಲಿ ಹಿಂದೆ ಯಾವಾಗಲೋ ಡಿಎನ್‌ಎಯ ಒಂದು ತುಣುಕು ಅದರೊಳಗೆ ಬಂದು ಸಿಕ್ಕಿಕೊಂಡು ಆ ತಡೆ ಕೆಟ್ಟುಹೋಯಿತು. ಅಂದಿನಿಂದ ಪ್ರತಿ ಚಿಗುರೂ ಹೂವಿನಲ್ಲಿ ಕೊನೆಯಾಗತೊಡಗಿತು, ಗಿಡ ಗಿಡ್ಡವಾಯಿತು. ಆ ತುಣುಕಿನ ಬಹುಪಾಲು ಕಳಚಿಬಿದ್ದರೆ ತಡೆ ಮರಳುತ್ತದೆ. ಕೊಂಬೆ ಮತ್ತೆ ಓಡುತ್ತದೆ, ಹೂ ಕಡಿಮೆಯಾಗುತ್ತದೆ. ಅಂದರೆ ಸದಾ ಹೂ ಬಿಡುವುದಕ್ಕೂ ಉದ್ದಕ್ಕೆ ಹಬ್ಬುವುದಕ್ಕೂ ಗಿಡದ ಒಳಗೆಯೇ ಹಳೆಯ ಜಗಳವಿದೆ. ಎರಡನ್ನೂ ಒಂದೇ ಗಿಡದಿಂದ ಬಯಸುವವರು ಆ ಜಗಳದಲ್ಲಿ ಮಧ್ಯಸ್ಥಿಕೆ ವಹಿಸಬೇಕಾಗುತ್ತದೆ.

ಮಧ್ಯಸ್ಥಿಕೆಯ ಉಪಾಯ ಸರಳ. ಗುಲಾಬಿಗೆ ಹೀರೆಬಳ್ಳಿಯಂತೆ ಹಿಡಿದೇರುವ ಕುಡಿಗಳಿಲ್ಲ, ಕಟ್ಟಿಯೇ ಹಬ್ಬಿಸಬೇಕು. ಕೊಂಬೆಯನ್ನು ನೇರವಾಗಿ ಮೇಲಕ್ಕೆ ಕಟ್ಟಿದರೆ ತುದಿಯ ಮೊಗ್ಗು ಕೆಳಗಿನ ಕಣ್ಣುಗಳನ್ನೆಲ್ಲ ಅದುಮಿಡುತ್ತದೆ. ಹೂ ಬಂದರೂ ಮಾಳಿಗೆಯ ಮೇಲೆ, ನೆರೆಮನೆಯವರಿಗೆ! ಅದೇ ಕೊಂಬೆಯನ್ನು ಬಾಗಿಸಿ ಅಡ್ಡಡ್ಡಲಾಗಿ ಕಟ್ಟಿದರೆ ತುದಿಯ ಹಿಡಿತ ಸಡಿಲಗೊಂಡು, ಉದ್ದಕ್ಕೂ ಕಿರುಚಿಗುರುಗಳೊಡೆದು ಅವುಗಳ ತುದಿಯಲ್ಲಿ ಹೂ ಬರುತ್ತದೆ. ಪೊದೆಗುಲಾಬಿಯಂತೆ ಇದನ್ನು ಬುಡಕ್ಕೆ ಸವರುವುದೂ ತಪ್ಪು. ಪೊದೆಯಿಂದ ಬಂದ ಬಳ್ಳಿಗಳನ್ನು ಹಾಗೆ ಸವರಿದರೆ ಅವು ಕೆಲವೊಮ್ಮೆ ಮತ್ತೆ ಪೊದೆಯೇ ಆಗಿಬಿಡುತ್ತವೆ.

ಬುಡದಲ್ಲಿ ಬೇರೊಂದು ಗಿಡ

ಹೂವಿಲ್ಲದ ಬಳ್ಳಿಗೆ ಇನ್ನೂ ಒಂದು ಕಾರಣವಿದೆ. ನರ್ಸರಿಯಿಂದ ತಂದ ಗುಲಾಬಿ ಸಾಮಾನ್ಯವಾಗಿ ಎರಡು ಗಿಡಗಳ ಜೋಡಣೆ. ಮೇಲೆ ಬೇಕಾದ ತಳಿ, ಕೆಳಗೆ ಗಟ್ಟಿಬೇರಿನ ಇನ್ನೊಂದು ಗುಲಾಬಿ. ಇದಕ್ಕೆ ಭಾರತದಲ್ಲಿ ಬಳಕೆಯಾದ ಗಿಡಗಳಲ್ಲಿ 'ಎಡ್ವರ್ಡ್' ಒಂದು. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ 19ನೇ ಶತಮಾನದ ಆರಂಭದಲ್ಲಿ ಕಂಡ 'ಎದುಆರ್' ಎಂಬ ಗುಲಾಬಿಯೇ ಇದು. ಹಾರ ಕಟ್ಟುವ ಪರಿಮಳದ ಎಡ್ವರ್ಡ್ ಗುಲಾಬಿಯೂ ಇದೇ.

ಬಿಸಿಲಿಗೆ ಮೇಲಿನ ತಳಿ ಒಣಗಿದರೆ, ಅಥವಾ ಕಸಿಯ ಗಂಟಿನ ಕೆಳಗಿಂದ ಚಿಗುರು ಬಂದರೆ, ಆಸರೆಯ ಗಿಡವೇ ಅಂಗಳವನ್ನು ಆಕ್ರಮಿಸುತ್ತದೆ. 'ನಮ್ಮ ಗುಲಾಬಿ ಜಾತಿ ಬದಲಿಸಿತು' ಎಂಬ ದೂರಿನ ಹಿಂದಿರುವುದು ಇದೇ. ಜಾತಿ ಬದಲಾಗಿರುವುದಿಲ್ಲ, ತಂದ ಗಿಡ ಸತ್ತು ಹೊತ್ತ ಗಿಡ ಉಳಿದಿರುತ್ತದೆ. ಗಂಟಿನ ಕೆಳಗಿನ ಚಿಗುರನ್ನು ಎಳೆಯದಿರುವಾಗಲೇ ಬುಡಸಮೇತ ಕಿತ್ತುಬಿಡುವುದೇ ಪರಿಹಾರ.

ರಾಯಚೂರಿನಂಥ ಸೀಮೆಯಲ್ಲಿ ಮೇಲಿನ ತಳಿಯನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. ಪಡುವಣ ಗೋಡೆ ಮಧ್ಯಾಹ್ನ ಕಾದು ಎಲೆಯನ್ನು ಬೇಯಿಸುತ್ತದೆ. ಬೆಳಗಿನ ಬಿಸಿಲು ಬೀಳುವ ಮೂಡಣ ಗೋಡೆ ಲೇಸು. ನೀರು ಹಿಡಿದಿಡುವ ಎರೆಮಣ್ಣಿಗೆ ಕೆಂಪುಮಣ್ಣು, ಮರಳು, ಕಳಿತ ತಿಪ್ಪೆಗೊಬ್ಬರ ಬೆರೆಸಿದರೆ ಬೇರು ಕೊಳೆಯದು. ಬುಡಕ್ಕೆ ಒಣಹುಲ್ಲು ಹೊದಿಸಿದರೆ ಒಂದು ಕೊಡ ನೀರು ಹೆಚ್ಚು ದಿನ ಬಾಳುತ್ತದೆ.

ಗುಲಾಬಿ ಬೆಳೆಸುವವರ ಪುಸ್ತಕಜ್ಞಾನ ಬಹುಮಟ್ಟಿಗೆ ತಂಪುನಾಡುಗಳದು. ಬಿಸಿನಾಡಿಗೆ ಒಗ್ಗುವ ಗುಲಾಬಿ ಬೇಕೆಂದು ಕೊಡೈಕನಾಲ್‌ನ ವೀರರಾಘವನ್ ದಂಪತಿ ಮಣಿಪುರದ ದೈತ್ಯಬಳ್ಳಿಯನ್ನೂ, ಬಂಗಾಳದ ಜೌಗುನೆಲದ 'ರೋಸಾ ಕ್ಲೈನೋಫಿಲಾ'ವನ್ನೂ ಬಳಸಿ ಹೊಸ ತಳಿಗಳನ್ನು ಸೃಷ್ಟಿಸಿದರು. ಬೇಸಿಗೆಗಳು ಇನ್ನಷ್ಟು ಕಾಯುತ್ತಿರುವ ಈ ದಿನಗಳಲ್ಲಿ ಆ ಪ್ರಯತ್ನದ ಬೆಲೆ ಹೆಚ್ಚಿದೆ. ಎರಡು ಶತಮಾನಗಳಿಗೂ ಹೆಚ್ಚು ಕಾಲದಿಂದ ಚೀನಾ, ಯೂರೋಪು, ಅಮೆರಿಕಗಳನ್ನು ಸುತ್ತಿದ ಹೂವಿಗೆ ಬೇಕಾದ ಶಕ್ತಿ ಇದೇ ನೆಲದ ಕಾಡುಗಳಲ್ಲಿತ್ತು.

ಮನೆಯ ಕಮಾನಿನ ಮೇಲೆ ಹೂ ಬಿಡುವ ಬಳ್ಳಿಯಲ್ಲಿ ಹೀಗೆ ಹಲವು ನಾಡುಗಳು ಕೂಡಿಕೊಂಡಿವೆ. ಅದು ಮುನಿದು ಹೂ ಬಿಡದ ವರ್ಷವೂ ಕಿತ್ತೆಸೆಯಬೇಕಿಲ್ಲ. ಮೊದಲು ಬುಡವನ್ನು ನೋಡಬೇಕು, ಆಮೇಲೆ ಕೊಂಬೆಯನ್ನು ಬಾಗಿಸಬೇಕು. ಬಾಗಿದ ಕೊಂಬೆಯೇ ಹೂ ಬಿಡುತ್ತದೆ.